ಗುಂಟೆ ಲೆಕ್ಕದೊಳಗಿನ ಲಂಬ

ಪುಣೆಯ ಹೊರವಲಯದಲ್ಲಿ ಜಾಗ ಕೊಳ್ಳುವ ಕನ್ನಡಿಗರಿಗೆ ಸಾತ್‌ಬಾರಾ ಉತಾರೆ (ಮಹಾರಾಷ್ಟ್ರದ ಪಹಣಿ) ಹೊಸದು, ಗುಂಟೆ ಹೊಸದಲ್ಲ. ನಾಲ್ಕು ಬದಿಯ ಅಳತೆ ಹೇಳಿ "ಒಟ್ಟು ಎಷ್ಟು ಗುಂಟೆ ಆಯ್ತು?" ಎಂದು ಕೇಳುವವರು ಬಹಳ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕೀಲು ಸಡಿಲವಾದ ಮಂಚದ ಚೌಕಟ್ಟಿನಂತೆ, ಬದಿಗಳು ಅಷ್ಟೇ ಇದ್ದರೂ ಆಕಾರ ಓರೆಯಾದಷ್ಟೂ ಒಳಗಿನ ಜಾಗ ಕುಗ್ಗುತ್ತದೆ. ಹೀಗೆ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಭಾಸ್ಕರಾಚಾರ್ಯ ತನ್ನ ಗಣಿತ ಗ್ರಂಥ 'ಲೀಲಾವತಿ'ಯಲ್ಲಿ ಗದರಿದ್ದಾನೆ. ಇದು 12ನೇ ಶತಮಾನದ ಮಾತು. ಒಂದು ಕರ್ಣವನ್ನೂ ಅಳೆಯಿರಿ, ಜಾಗ ಎರಡು ತ್ರಿಕೋನವಾಗುತ್ತದೆ. ತ್ರಿಕೋನದ ಮೂರು ಬದಿ ಗೊತ್ತಾದರೆ ಅದು ಅಲುಗಾಡುವುದಿಲ್ಲ.

ಭಾಸ್ಕರನ ಉದಾಹರಣೆಯನ್ನೇ ನೋಡಿ: ಪಾದ 14, ಉಳಿದ ಬದಿಗಳು 13 ಮತ್ತು 15. ಎರಡು ಬದಿಗಳ ವರ್ಗಗಳ ವ್ಯತ್ಯಾಸ 56. ಅದನ್ನು 14ರಿಂದ ಭಾಗಿಸಿದರೆ 4, ಇದು ಪಾದದ ಎರಡು ತುಂಡುಗಳ ವ್ಯತ್ಯಾಸ. ಅಂದರೆ ಶೃಂಗದಿಂದ ಇಳಿದ ಲಂಬ ಪಾದವನ್ನು 5 ಮತ್ತು 9 ಎಂದು ಒಡೆಯುತ್ತದೆ. ಲಂಬ 12, ಕ್ಷೇತ್ರಫಲ 84. ಭಾಸ್ಕರನ ಗ್ರಂಥಗಳ ಅಧ್ಯಯನಕ್ಕೆಂದೇ ಅವನ ಮೊಮ್ಮಗ ಚಾಂಗದೇವ ಮಠ ಕಟ್ಟಿಸಿದ್ದನ್ನು ಹೇಳುವ ಶಾಸನ ಇದೇ ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣದಲ್ಲಿದೆ.

1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಕಂದಾಯ ಮೋಜಣಿ ನಡೆಸಿದರು. ಅದೇ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ ಕಡೆಗೂ ಹಬ್ಬಿತು. 33 ಅಡಿಯ ಸರಪಳಿ. ಒಂದು ಚದರ ಸರಪಳಿ ಅಂದರೆ 1089 ಚದರಡಿ, ಅದೇ ಒಂದು ಗುಂಟೆ. ಹೊಲದ ನಡುವೆ ಸರಪಳಿ ಎಳೆದು, ಲಂಬಕೋನ ಗುರುತಿಸುವ ಕ್ರಾಸ್ ಸ್ಟಾಫ್ ಹಿಡಿದು ಪ್ರತಿ ಮೂಲೆಗೆ ಲಂಬ ತೆಗೆಯುವುದು ಆ ಕಾಲದ ಕ್ರಮ. ಭಾಸ್ಕರ ಲೆಕ್ಕದಿಂದ ತೆಗೆದ ಲಂಬವನ್ನು ಇಲ್ಲಿ ನಡೆದೇ ಅಳೆಯುತ್ತಿದ್ದರು.

ನಡೆಯಲಾಗದ ಕಡೆ? ನಡುವೆ ಬಾವಿಯೋ ಕಬ್ಬಿನ ಗದ್ದೆಯೋ ಇದ್ದರೆ? ಅಲ್ಲಿಗೆ ಬೇಕಾದದ್ದು ಕೋನ. ಕ್ರಿ.ಶ. 499ರ ಆರ್ಯಭಟ ಜ್ಯಾ (ಇಂದಿನ ಸೈನ್) ಕೋಷ್ಟಕ ಕೊಟ್ಟದ್ದು ಗ್ರಹಗಳ ಗಣಿತಕ್ಕಾಗಿ. ಅದು ನೆಲಕ್ಕಿಳಿದು ದೇಶಗಳನ್ನೇ ಅಳೆಯುವ ಸಾಧನವಾಗಲು ಶತಮಾನಗಳು ಹಿಡಿದವು. 1802ರಲ್ಲಿ ಬ್ರಿಟಿಷ್ ಮೋಜಣಿದಾರ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿ.ಮೀ. ಗೆರೆಯೊಂದನ್ನು ಸರಪಳಿಯಿಂದ ಅಳೆದ. ಅಲ್ಲಿಂದ ಮುಂದೆ ಹೆಚ್ಚಿನದೆಲ್ಲ ಕೋನಗಳದ್ದೇ ಕೆಲಸ. ಒಂದು ಬದಿ, ಎರಡು ಕೋನ ಸಿಕ್ಕರೆ ಸೈನ್ ನಿಯಮ ಉಳಿದ ಬದಿಗಳನ್ನು ಕೊಡುತ್ತದೆ. ಆ ಬದಿಯೇ ಮುಂದಿನ ತ್ರಿಕೋನದ ಪಾದ.

ಈಗ ಗುಂಟೆಗೆ ಬನ್ನಿ. ತ್ರಿಕೋನ ಜಾಗದ ಒಂದು ಬದಿ 132 ಅಡಿ, ಇನ್ನೊಂದು 99 ಅಡಿ, ನಡುವಿನ ಕೋನ 30 ಡಿಗ್ರಿ. ಅಂದರೆ 4 ಸರಪಳಿ, 3 ಸರಪಳಿ. ಸೈನ್ 30 ಅರ್ಧ, ಹಾಗಾಗಿ ಲಂಬ ಒಂದೂವರೆ ಸರಪಳಿ. 4ನ್ನು ಒಂದೂವರೆಯಿಂದ ಗುಣಿಸಿ ಅರ್ಧ ಮಾಡಿ: ಸರಿಯಾಗಿ 3 ಗುಂಟೆ. ಮೂರನೆಯ ಬದಿಯನ್ನು ಟೇಪು ಹಿಡಿಯದೆಯೇ ಕೊಸೈನ್ ನಿಯಮದಿಂದ ತೆಗೆಯಬಹುದು, ಸುಮಾರು 68 ಅಡಿ. ಸೈನ್ ನಿಯಮವಿರಲಿ, ಕೊಸೈನ್ ನಿಯಮವಿರಲಿ, ಎರಡೂ ಹುಟ್ಟುವುದು ಈ ಒಂದೇ ಲಂಬದಿಂದ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಲಂಬಕೋನ ತ್ರಿಕೋನದಲ್ಲೇ ಸುತ್ತುತ್ತದೆ. ಈ ನಿಯಮಗಳು ಬರುವುದು ಜೂನಿಯರ್ ಕಾಲೇಜಿನಲ್ಲಿ (ನಮ್ಮ ಪಿಯುಸಿಯಂತೆ), ನಮ್ಮ ಮಕ್ಕಳು ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಗಣಿತ ಓದತೊಡಗಿದ ಮೇಲೆ. ಇದು ನನಗೆ ಸರಿ ಕಾಣುವುದಿಲ್ಲ. ಸೈನ್ 30ರ ಬೆಲೆ ಬಲ್ಲ ಹತ್ತನೆಯ ತರಗತಿಯ ಹುಡುಗಿ ಈ 3 ಗುಂಟೆಯ ಲೆಕ್ಕವನ್ನು ಕನ್ನಡದಲ್ಲೇ, ಈಗಲೇ ಮಾಡಬಲ್ಲಳು.