ಪರಿಹಾರ ಅಂದ ಕೂಡಲೇ ಮಕ್ಕಳು ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಅಂತ ಯಾಕೆ ಬರೆಯುತ್ತಾರೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಯಾವ ಸಮಸ್ಯೆ ಕೊಟ್ಟರೂ ಮಕ್ಕಳು ಅದರ ಬಗ್ಗೆ ಒಂದೂವರೆ ಪುಟ ಬರೆಯುತ್ತಾರೆ. ಪರಿಹಾರಕ್ಕೆ ಬಂದರೆ ಮಾತ್ರ ‘ಸರ್ಕಾರ ಕಠಿಣ ಕ್ರಮ ಕೈಗೊಳ್ಳಬೇಕು, ಜನರಲ್ಲಿ ಜಾಗೃತಿ ಮೂಡಿಸಬೇಕು’ ಅಂತ ಎರಡೇ ಸಾಲು. ಓದಿದವರು ಒಪ್ಪುವ ಹಾಗೆ ಪರಿಹಾರ ಬರೆಯೋದನ್ನು ಕಲಿಸೋದು ಹೇಗೆ?

ಉತ್ತರ: ಆ ಎರಡು ಸಾಲು ನನ್ನ ತರಗತಿಯಲ್ಲೂ ಪ್ರತಿ ವರ್ಷ ಬರುತ್ತವೆ. ಮಕ್ಕಳಿಗೆ ತಲೆ ಓಡೋದಿಲ್ಲ ಅಂತಲ್ಲ, ನಾವು ಕೊಡುವ ವಿಷಯವೇ ತುಂಬಾ ದೊಡ್ಡದು. ‘ಪರಿಸರ ಮಾಲಿನ್ಯ’, ‘ನಿರುದ್ಯೋಗ’ ಅಂತ ಬೋರ್ಡ್ ಮೇಲೆ ಬರೆದರೆ ಹದಿನಾಲ್ಕು ವರ್ಷದ ಮಗು ಏನು ಪರಿಹಾರ ಹೇಳಬೇಕು? ಅಷ್ಟು ದೊಡ್ಡ ವಿಷಯಕ್ಕೆ ಸರ್ಕಾರ ಬಿಟ್ಟು ಬೇರೆ ಯಾರೂ ಅದರ ಕಣ್ಣಿಗೆ ಬೀಳೋದಿಲ್ಲ. ಹಾಗಾಗಿ ನಾನು ಮೊದಲು ಮಾಡುವ ಕೆಲಸ ಎರಡು. ಸಮಸ್ಯೆಯನ್ನು ಮಗು ದಿನಾ ನೋಡುವಷ್ಟು ಚಿಕ್ಕದು ಮಾಡುತ್ತೇನೆ. ಆ ಬರಹವನ್ನು ಯಾರು ಓದಬೇಕು ಅಂತ ಶುರುವಿನಲ್ಲೇ ಗೊತ್ತುಮಾಡುತ್ತೇನೆ.

ಪ್ಲಾಸ್ಟಿಕ್ ವಿಷಯವನ್ನೇ ನೋಡಿ. ‘ಪ್ಲಾಸ್ಟಿಕ್ ನಿಷೇಧಿಸಬೇಕು’ ಅಂತ ಇವತ್ತಿಗೂ ಮಕ್ಕಳು ಬರೆಯುತ್ತಾರೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿಗೆ ನಿಷೇಧ ಬಂದಿದ್ದು 2016ರಲ್ಲಿ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೇ ನಿಷೇಧ ಬಂದಿದ್ದು 2022ರ ಜುಲೈ 1ರಿಂದ. ಅಂದರೆ ಮಗು ಕೇಳುತ್ತಿರುವ ಪರಿಹಾರ ಆಗಲೇ ಜಾರಿಯಲ್ಲಿದೆ, ಆದರೂ ನಮ್ಮ ಬೀದಿಯ ಅಂಗಡಿಯಲ್ಲಿ ಕವರ್ ಸಿಗುತ್ತಿದೆ, ಅಲ್ವಾ? ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ಒಂದು ಕ್ಷಣ ಸುಮ್ಮನಾದರು. ಆಮೇಲೆ ನಿಜವಾದ ಪ್ರಶ್ನೆಗಳು ಬಂದವು. ಅಂಗಡಿಯವರು ಯಾಕೆ ಕೊಡುತ್ತಾರೆ? ನಾವು ಯಾಕೆ ಚೀಲ ಮರೆತು ಹೋಗುತ್ತೇವೆ? ಪರಿಹಾರ ಬರೆಯೋ ಮೊದಲು ಈಗಾಗಲೇ ಏನು ಮಾಡಿದ್ದಾರೆ, ಅದು ಎಲ್ಲಿ ನಿಂತುಹೋಗಿದೆ ಅಂತ ನೋಡಲೇಬೇಕು.

ಒಂದು ಪ್ರಬಂಧ ಹೇಗೆ ಬದಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲ ಸಲ ಬರೆದಿದ್ದು ಹೀಗೆ: ‘ಇಂದಿನ ಆಧುನಿಕ ಯುಗದಲ್ಲಿ ಸಾರಿಗೆ ಸಮಸ್ಯೆ ತೀವ್ರವಾಗಿದೆ. ಸರ್ಕಾರ ಹೆಚ್ಚಿನ ಬಸ್ಸುಗಳನ್ನು ಬಿಡಬೇಕು.’ ಒಂದು ವಾರ ಲೆಕ್ಕ ಇಡು ಅಂದೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದುಕೊಂಡು ಬಂದಳು. ಆರು ದಿನದಲ್ಲಿ ನಾಲ್ಕು ದಿನ 8.20ರ ಬಸ್ಸು ಹಿಂದಿನ ಊರಿನಲ್ಲೇ ತುಂಬಿಕೊಂಡು ಬಂದು ಇವರ ಸ್ಟಾಪಿನಲ್ಲಿ ನಿಲ್ಲದೆ ಹೋಗಿದೆ. ಪಕ್ಕದಲ್ಲಿ ಕೂತ ಹುಡುಗ ಇದೆಲ್ಲ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯಿಂದ ಅಂದ. ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ, ಅದಕ್ಕೂ ಮೊದಲು ಹೇಗಿತ್ತು ಅಂತ ನಿಮ್ಮಕ್ಕನನ್ನು ಕೇಳಿಕೊಂಡು ಬಾ ಅಂದೆ. ಆಗಲೂ ಬಾಗಿಲಲ್ಲಿ ಜೋತುಬೀಳುತ್ತಿದ್ದೆವು ಅಂತ ಅಕ್ಕ ಹೇಳಿದಳಂತೆ. ರಶ್ಶು ಜಾಸ್ತಿ ಆಗಿರಬಹುದು, ಆದರೆ ಮೂಲ ಕಾರಣ ಹಳೆಯದು. ಕಾರಣ ತಪ್ಪಾದರೆ ಪರಿಹಾರವೂ ತಪ್ಪುತ್ತದೆ ಅನ್ನೋದನ್ನು ನಾನು ಬೇರೆ ಪಾಠ ಮಾಡಿ ಹೇಳಬೇಕಾಗಲಿಲ್ಲ.

ಆಮೇಲೆ, ಅವಳ ಬರಹ ಓದಬೇಕಾದ ಬಸ್ ಡಿಪೋ ಮ್ಯಾನೇಜರ್ ಜಾಗದಲ್ಲಿ ಕೂತು ನಾನೇ ಹೇಳಿದೆ: ‘ಇನ್ನೊಂದು ಬಸ್ಸಿಲ್ಲಮ್ಮ, ಡ್ರೈವರೂ ಇಲ್ಲ.’ ಅವಳು ಅಳುಮುಖ ಮಾಡಿಕೊಂಡು ಹೋದಳು. ಎರಡು ದಿನ ಬಿಟ್ಟು ಬಂದಾಗ ಅವಳ ಹತ್ತಿರ ಹೊಸ ಸಂಗತಿ ಇತ್ತು. ಊರಿನ ನೈಟ್ ಹಾಲ್ಟ್ ಬಸ್ಸು ಬೆಳಗ್ಗೆ 6.30ಕ್ಕೆ ಹೊರಟು 7.15ಕ್ಕೆ ಪೇಟೆ ಮುಟ್ಟುತ್ತದೆ, ಆಮೇಲೆ 9 ಗಂಟೆ ತನಕ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ ಅಂತ ಕಂಡಕ್ಟರ್ ಅವರನ್ನೇ ಕೇಳಿ ತಿಳಿದುಕೊಂಡಿದ್ದಳು. ಅದೇ ಬಸ್ಸು ಒಂದು ಸಲ ಹಿಂದಕ್ಕೆ ಬಂದು ಮಕ್ಕಳನ್ನು ಹತ್ತಿಸಿಕೊಂಡು ಹೋಗಬಹುದಲ್ಲ? 6.30ರ ಟೈಮನ್ನೇ ಮುಂದೆ ಹಾಕಬಹುದು ಅಂತ ಮೊದಲು ಅಂದುಕೊಂಡಿದ್ದಳಂತೆ. ಆದರೆ ಸೊಪ್ಪು ಮಾರುವವರು ಆ ಬಸ್ಸನ್ನೇ ನಂಬಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾರೆ, ಅವರಿಗೆ ತೊಂದರೆ ಆಗುತ್ತದೆ ಅಂತ ಬಿಟ್ಟಳು. ‘ಡ್ರೈವರ್, ಕಂಡಕ್ಟರ್ ಅವರಿಗೆ ತಿಂಡಿಗೆ ಸಮಯ ಸಿಗುವುದಿಲ್ಲ ಎಂಬುದು ನಿಜ. ಅದಕ್ಕಾಗಿ 9 ಗಂಟೆಯ ಟ್ರಿಪ್ಪನ್ನು ಹದಿನೈದು ನಿಮಿಷ ತಡವಾಗಿ ಹೊರಡಿಸಬಹುದೇ ಎಂದು ಕೇಳಿಕೊಳ್ಳುತ್ತೇವೆ’ ಅಂತಲೂ ಬರೆದಳು. ಇಡೀ ಪ್ರಬಂಧದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಜಾಗ. ಎದುರಿನವರ ಕಷ್ಟವನ್ನು ನಾವೇ ಮೊದಲು ಹೇಳಿದರೆ ಅವರು ನಮ್ಮ ಮಾತು ಕೇಳೋದಕ್ಕೆ ತಯಾರಾಗುತ್ತಾರೆ. ಸುಮ್ನೆ ಬೈದು ಬರೆದರೆ ಅರ್ಧಕ್ಕೇ ಕೆಳಗಿಡುತ್ತಾರೆ.

ಭಾಷೆ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿ ಯಾರು ಅಂತ ಹೇಳದೆಯೂ ವಾಕ್ಯ ಮುಗಿಸಬಹುದು. ‘ಕ್ರಮ ಕೈಗೊಳ್ಳಬೇಕು’, ‘ಗಮನ ಹರಿಸಬೇಕು’ ಅಂದರೆ ವಾಕ್ಯ ಸರಿಯಾಗಿಯೇ ಇರುತ್ತದೆ, ಆದರೆ ಮಾಡುವವರು ಯಾರೂ ಇಲ್ಲ. ಅದಕ್ಕೇ ಮಕ್ಕಳ ಕೈಲೇ ಪ್ರತಿ ‘ಬೇಕು’ ಕೆಳಗೆ ಗೆರೆ ಹಾಕಿಸುತ್ತೇನೆ. ಯಾರು ಮಾಡಬೇಕು, ಯಾವಾಗ, ಯಾವ ದುಡ್ಡಿನಲ್ಲಿ ಅಂತ ಪಕ್ಕದಲ್ಲಿ ಬರೆಯಲಿ. ಉತ್ತರ ಇಲ್ಲದ ‘ಬೇಕು’ ಹೊಡೆದುಹಾಕಲಿ. ಒಂದೇ ಪಿರಿಯಡ್ಡಿನ ಕೆಲಸ, ಆದರೆ ಇದರಷ್ಟು ಫಲ ಕೊಟ್ಟ ಅಭ್ಯಾಸ ನಾನು ಬೇರೆ ನೋಡಿಲ್ಲ.

ಪರೀಕ್ಷೆಯಲ್ಲಿ ದೊಡ್ಡ ವಿಷಯವೇ ಬರುತ್ತದಲ್ಲ ಅಂತ ನೀವು ಕೇಳಬಹುದು. ಬರಲಿ. ಪೀಠಿಕೆಯಲ್ಲಿ ಆ ದೊಡ್ಡ ವಿಷಯವನ್ನು ಎರಡು ಮೂರು ಸಾಲಿನಲ್ಲಿ ಹೇಳಿ, ವಿಷಯ ವಿವರಣೆಯಲ್ಲಿ ತಮ್ಮೂರಿನ ಒಂದು ಉದಾಹರಣೆ ಹಿಡಿದುಕೊಂಡು, ಉಪಸಂಹಾರದಲ್ಲಿ ಇಂಥವರು ಇಂಥದ್ದು ಮಾಡಲಿ ಅಂತ ಕೇಳೋದನ್ನು ರೂಢಿ ಮಾಡಿಸಿ. ಶುರುವಿಗೊಂದು ಗಾದೆ ಹಾಕಿದರೆ ಹಾಕಲಿ, ಅದಕ್ಕೆ ಜಗಳ ಬೇಡ.

ಸಾಧ್ಯವಾದರೆ ಒಂದೆರಡು ಪ್ರಬಂಧಗಳನ್ನು ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಓದಿಸಿ. ಅಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇರುತ್ತಾರೆ, ಸದಸ್ಯರು ಇರುತ್ತಾರೆ, ‘ಇದಕ್ಕೆ ಅನುದಾನ ಎಲ್ಲಿಂದ ಬರಬೇಕು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಬೇಕು’ ಪಕ್ಕದಲ್ಲಿ ಮೊದಲೇ ಉತ್ತರ ಬರೆದುಕೊಂಡ ಮಗು ಆಗ ಹಾಳೆ ತಿರುಗಿಸಿ ಆ ಸಾಲನ್ನು ಓದುತ್ತದೆ.