ಎಣ್ಣೆ ಬಂತು ಸರಿ, ಕ್ಲೋರಿನ್ ಎಲ್ಲಿ ಹೋಯಿತು?

ಪ್ಲಾಸ್ಟಿಕ್ ಕಸದಿಂದ ಎಣ್ಣೆ ತೆಗೆಯುವ ಘಟಕ ಹಾಕಬೇಕೆಂದು ಸಲಹೆ ಕೇಳಲು ಬರುವವರು ಹೆಚ್ಚಾಗಿ ಒಂದು ಸೀಸೆ ಹಿಡಿದೇ ಬರುತ್ತಾರೆ. ಒಳಗೆ ಜೇನಿನ ಬಣ್ಣದ ಎಣ್ಣೆ. "ಸಾರ್, ಕಸದ ಪ್ಲಾಸ್ಟಿಕ್‌ನಿಂದ ನಾವೇ ತೆಗೆದದ್ದು. ಯಾವ ಪ್ಲಾಸ್ಟಿಕ್ ಹಾಕಿದರೂ ಬರುತ್ತೆ." ಅವರ ಹುರುಪು ನನಗೆ ಇಷ್ಟ. ಆದರೆ ಆ ಕೊನೆಯ ಮಾತು ಕೇಳಿದಾಗಲೆಲ್ಲ ತಾಳ್ಮೆ ಕೆಡುತ್ತದೆ.

ಗಾಳಿ ಸೋಕದಂತೆ 400ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ಒಡೆದು ಎಣ್ಣೆಯಾಗುವುದು ನಿಜ. ಅದು ಮತ್ತೆ ಪ್ಲಾಸ್ಟಿಕ್ ಆಗಬೇಕಾದರೆ ಮಾತ್ರ ಕಚ್ಚಾತೈಲದಿಂದ ತೆಗೆಯುವ ಹಗುರ ಎಣ್ಣೆ ನಾಫ್ತಾದ ಹಾಗೆ, ಹಬೆಯ ಜೊತೆ ಕಾಯಿಸಿ ಅಣುಗಳನ್ನು ಒಡೆಯುವ ಸ್ಟೀಮ್ ಕ್ರ್ಯಾಕರ್‌ ಹೊಗಬೇಕು. ಅಲ್ಲಿ ಬಣ್ಣ ನೋಡುವವರಿಲ್ಲ. ಕ್ಲೋರಿನ್ ಎಷ್ಟಿದೆ ಎಂದು ಕೇಳುತ್ತಾರೆ.

ಲೆಕ್ಕ ಹಾಕಿ. ಪೈಪು, ವೈರಿನ ಹೊದಿಕೆಗಳಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್. ನಿಮ್ಮ ಒಂದು ಟನ್ ಕಸದಲ್ಲಿ ಪಿವಿಸಿ ಬರೀ ಶೇ. 1 ಇದೆ ಅನ್ನಿ. ಅಲ್ಲಿಗೆ 10 ಕೆಜಿ ಪಿವಿಸಿ, 5.7 ಕೆಜಿ ಕ್ಲೋರಿನ್. ಅಂದರೆ 5,700 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ). ಕ್ರ್ಯಾಕರ್ ಸಹಿಸುವುದು ಸಾಮಾನ್ಯವಾಗಿ ಕೆಲವೇ ಪಿಪಿಎಂ. ಮಿತಿ ಸ್ಥಾವರದಿಂದ ಸ್ಥಾವರಕ್ಕೆ ಬೇರೆ. ಕೊಳ್ಳುವವರಿಂದ ಬರಹದಲ್ಲೇ ಪಡೆಯಿರಿ.

"ಅದು ಅನಿಲವಾಗಿ ಹೊರಟುಹೋಗುತ್ತಲ್ಲ ಸಾರ್?" ಬಹುಪಾಲು ಹೋಗುತ್ತದೆ, 300 ಡಿಗ್ರಿ ಸುಮಾರಿಗೇ, ಹೈಡ್ರೋಜನ್ ಕ್ಲೋರೈಡ್ ರೂಪದಲ್ಲಿ. ಮುಂದೆ ತಣ್ಣನೆಯ ಜಾಗದಲ್ಲಿ ತೇವ ಸಿಕ್ಕಿದರೆ ಆಮ್ಲವಾಗಿ ಉಕ್ಕಿನ ಕೊಳವೆಯನ್ನು ತಿನ್ನುತ್ತದೆ. ಸುಣ್ಣ ಹಾಕಿ ಒಂದಷ್ಟು ಹಿಡಿಯಬಹುದು. ಇನ್ನೊಂದಷ್ಟು, ಒಡೆದ ಸರಪಳಿಗಳ ತುಂಡುಗಳಿಗೇ ಬೆಸೆದುಕೊಂಡು ಎಣ್ಣೆಯೊಳಗೆ ಕೂರುತ್ತದೆ. ನೀರಿನಲ್ಲಿ ತೊಳೆದರೆ ಹೋಗುವಂಥದ್ದಲ್ಲ ಅದು. ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಸಂಸ್ಕರಿಸಬೇಕು. ನನ್ನ ಬಳಿ ಬರುವ ಯೋಜನಾ ವರದಿಗಳಲ್ಲಿ ಈ ಖರ್ಚನ್ನು ಬಿಟ್ಟಿರುತ್ತಾರೆ.

ನೀರು, ತಂಪು ಪಾನೀಯ ಬರುವ ಪೆಟ್ ಬಾಟಲಿಯನ್ನೂ ಇದರೊಳಗೆ ತುರುಕಬೇಡಿ. ಅದರಿಂದ ಏಳುವ ಟೆರೆಫ್ತಾಲಿಕ್ ಆಮ್ಲ ಕೊಳವೆಯೊಳಗೆ ಪುಡಿಯಾಗಿ ಕಟ್ಟಿಕೊಳ್ಳುತ್ತದೆ. ಪೆಟ್‌ಗೆ ಗ್ಲೈಕಾಲ್ ಅಥವಾ ಮೆಥನಾಲ್ ಬಳಸಿ ಬಿಡಿಸುವ ದಾರಿಯೇ ಬೇರೆ.

ಒಂದು ಘಟಕದಲ್ಲಿ ಕ್ಲೋರಿನ್ ಎಲ್ಲಿಂದ ಬರುತ್ತಿದೆ ಎಂದು ತಿಂಗಳುಗಟ್ಟಲೆ ಹುಡುಕಿದ್ದೆವು. ಬಂದ ಬಾಟಲಿಗಳೆಲ್ಲ ಪಾಲಿಥೀನ್, ದಾಖಲೆಯೂ ಸರಿ. ಕೊನೆಗೆ ಕಸ ಆಯುವ ಅಮ್ಮನೊಬ್ಬರು ಬಾಟಲಿಗೆ ಬಿಗಿಯಾಗಿ ಅಂಟಿದ್ದ ಬಣ್ಣದ ಹೊದಿಕೆಯನ್ನು ಉಗುರಿನಲ್ಲಿ ಸುಲಿದು ನನ್ನ ಕೈಗಿಟ್ಟರು. "ಇದರ ಸದ್ದೇ ಬೇರೆ, ನೋಡಿ ಸಾರ್." ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆ ಹೊದಿಕೆಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿದೆವು. ಜ್ವಾಲೆ ಹಸಿರಾಯಿತು. ಬಾಟಲಿ ಪಾಲಿಥೀನೇ, ಹೊದಿಕೆ ಪಿವಿಸಿ. (ಈ ಪರೀಕ್ಷೆಯ ಹೊಗೆ ವಿಷ, ಹೊಗೆ ಎಳೆಯುವ ಗೂಡಿನಲ್ಲೇ ಮಾಡಿ. ಕ್ಲೋರಿನ್ ಇರಬಹುದೆಂದಷ್ಟೇ ಇದು ಹೇಳುತ್ತದೆ; ಎಷ್ಟಿದೆ ಎಂಬುದಕ್ಕೆ ಪ್ರಯೋಗಾಲಯವೇ ಬೇಕು.)

ಮುಂದಿನ ಸಲ ಸೀಸೆಯ ಜೊತೆಗೆ, ಆ ಎಣ್ಣೆ ಕೊಟ್ಟ ಕಸವನ್ನೂ ಒಂದು ಚೀಲ ತನ್ನಿ, ಆಯದೆ ಹಾಗೇ. ಮೊದಲು ಅದನ್ನು ಮೇಜಿನ ಮೇಲೆ ಸುರಿದು ನೋಡೋಣ.