ಕೊಕ್ಕರೆಗಳು ಯಾಕೆ ಹಾರಿಹೋದ್ವು?

ಮಲ್ಲೇಶ್ವರದಲ್ಲಿ ನಮ್ಮ ಬೀದೀಲೇ ಇರೋ ನಾಲ್ಕನೇ ಕ್ಲಾಸ್ ಹುಡುಗಿ ಒಬ್ಬಳು ಸಂಜೆ ಹೊತ್ತು ನಮ್ಮನೆಗೆ ಕನ್ನಡ ಓದೋಕೆ ಬರ್ತಾಳೆ, ಮನೇಲಿ ತೆಲುಗು, ಬೀದೀಲಿ ಆಟ ಆಡುವಾಗ ಕನ್ನಡ, ಸ್ಕೂಲಲ್ಲಿ ಅರ್ಧಕ್ಕರ್ಧ ಇಂಗ್ಲಿಷು. ಮೊನ್ನೆ "ಮಳೆ ಬಾರದೆ ಕೆರೆ ಬತ್ತಿತು. ಕೊಕ್ಕರೆಗಳೆಲ್ಲ ಬೇರೆಡೆಗೆ ಹಾರಿಹೋದವು" ಅಂತ ಇದ್ದ ಪ್ಯಾರಾನ ಒಂದಕ್ಷರ ತಪ್ಪದೆ ಓದಿದ್ಲು, ಒತ್ತಕ್ಷರದ ಹತ್ರ ಕೂಡ ತಡವರಿಸಲಿಲ್ಲ. ಕೆರೆ ಏನಾಯ್ತು ಅಂದೆ, "ಕೆರೆ ಬತ್ತಿತು" ಅಂದ್ಲು. ಸರಿ, ಕೊಕ್ಕರೆಗಳು ಯಾಕೆ ಹೋದ್ವು ಅಂದ್ರೆ ಪುಸ್ತಕದ ಮೇಲೆ ಬೆರಳು ಓಡಿಸ್ತಾ ಕೂತುಬಿಟ್ಲು. ಬತ್ತೋದು ಅಂದ್ರೇನು ಪುಟ್ಟಿ ಅಂತ ಕೇಳಿದೆ. "ದೀಪದ ಬತ್ತಿ" ಅಂದ್ಲು.

ಅರ್ಥ ಗೊತ್ತಿಲ್ದೆ ಮೊದಲ ಪ್ರಶ್ನೆಗೆ ಹೇಗೆ ಸರಿ ಉತ್ತರ ಕೊಟ್ಲು? ಇದನ್ನ ಓದಿ ನೋಡಿ: "ಗುಬ್ಬಳಿಯು ಮಿಣಕಿಯನ್ನು ಸರಕಿತು." ಗುಬ್ಬಳಿಯು ಏನನ್ನು ಸರಕಿತು? ಮಿಣಕಿಯನ್ನು. ನೋಡಿ, ಹತ್ತಕ್ಕೆ ಹತ್ತು ಮಾರ್ಕ್ಸು! ಆ ಪದಗಳು ನಾನು ಈಗ ತಾನೇ ಹುಟ್ಟಿಸಿದ್ದು, ಅರ್ಥಾನೇ ಇಲ್ಲ, ಆದ್ರೆ "ಅನ್ನು" ಅನ್ನೋ ಪ್ರತ್ಯಯ ಒಂದೇ ಸಾಕು ಉತ್ತರ ಹಿಡಿಯೋಕೆ. ನಮ್ಮ ಪಾಠದ ಕೊನೆಯ ಪ್ರಶ್ನೆಗಳಲ್ಲಿ ಎಷ್ಟೋ ಇಂಥವೇ, ಮಗು ಸಾಲು ಹುಡುಕಿ ಎತ್ತಿ ಬರೆಯುತ್ತೆ, ನಾವು ಟಿಕ್ ಹಾಕ್ತೀವಿ, ಅರ್ಥ ಆಗಿದೆ ಅಂದ್ಕೋತೀವಿ. ನಂಗೆ ಇದು ನಿಜವಾಗ್ಲೂ ಸಂಕಟ ಕೊಡೋ ವಿಷಯ, ಯಾಕಂದ್ರೆ ಮಗು ಕಷ್ಟಪಟ್ಟಿರುತ್ತೆ, ಟೀಚರ್ ಕಷ್ಟಪಟ್ಟಿರ್ತಾರೆ, ಆದ್ರೂ ಒಳಗೆ ಏನೂ ಇಳಿದಿರಲ್ಲ.

1986ರಲ್ಲಿ ಫಿಲಿಪ್ ಗಫ್ ಮತ್ತೆ ವಿಲಿಯಂ ಟನ್ಮರ್ ಅನ್ನೋ ಸಂಶೋಧಕರು ಇದಕ್ಕೊಂದು ಸರಳ ಲೆಕ್ಕ ಕೊಟ್ರು. ಓದಿ ಅರ್ಥ ಮಾಡ್ಕೊಳ್ಳೋದು ಅಂದ್ರೆ ಅಕ್ಷರ ಬಿಡಿಸಿ ಓದೋ ಶಕ್ತಿ ಗುಣಿಸು ಮಾತು ಅರ್ಥ ಮಾಡ್ಕೊಳ್ಳೋ ಶಕ್ತಿ. ಕೂಡೋದಲ್ಲ, ಗುಣಿಸೋದು, ಅದೇ ಮುಖ್ಯ. ಎರಡರಲ್ಲಿ ಒಂದು ಸೊನ್ನೆ ಆದ್ರೆ ಉತ್ತರಾನೂ ಸೊನ್ನೆ.

ಕನ್ನಡದಲ್ಲಿ ಈ ಲೆಕ್ಕ ಇನ್ನೊಂಥರ ತಿರುಗುತ್ತೆ. ನಮ್ಮ ಲಿಪೀಲಿ ಬರೆದಂಗೇ ಓದೋದು, ಹಾಗಾಗಿ ಕಾಗುಣಿತ ಒತ್ತು ಗೊತ್ತಿದ್ರೆ ಅರ್ಥ ಗೊತ್ತಿಲ್ಲದ ಪದನೂ ಗಟ್ಟಿಯಾಗಿ ಓದಿಬಿಡಬಹುದು. ಆದ್ರೆ ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ ಕಲೀಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ನಡೀತಾನೇ ಇರುತ್ತೆ ಅಂತ ಕಂಡುಬಂತು. ಅಷ್ಟು ವರ್ಷ ಮಗೂನ ಗಮನ ಎಲ್ಲ ಅಕ್ಷರದ ಮೇಲೇ ಹೋದ್ರೆ ಅರ್ಥಕ್ಕೆ ಏನ್ ಉಳಿಯುತ್ತೆ? ಅದ್ರ ಮೇಲೆ ಪುಸ್ತಕದ ಕನ್ನಡ ಬೇರೆ, ಬಾಯಿ ಕನ್ನಡ ಬೇರೆ. ಬೆಂಗಳೂರಿನ ಮಗು "ಒಣಗೋಯ್ತು" ಅಂತ ಕೇಳಿರುತ್ತೆ, "ಬತ್ತಿತು" ಅಂತ ಎಲ್ಲಿ ಕೇಳಿರುತ್ತೆ ಹೇಳಿ.

ಇನ್ನೊಂದು ವಿಷಯ ಇದೆ, ಇದನ್ನ ಅಪ್ಪ ಅಮ್ಮಂದಿರು ಗಮನಿಸ್ಲೇಬೇಕು. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತೆ ಲೆಸ್ಲಿ ಅನ್ನೋರು 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಆಟದ ವರ್ಣನೆ ಓದೋಕೆ ಕೊಟ್ಟು, ಓದಿದ್ದನ್ನ ಮೈದಾನದ ಪುಟ್ಟ ಮಾಡೆಲ್ ಮೇಲೆ ಬೊಂಬೆ ಸರಿಸಿ ಆಡಿ ತೋರಿಸಿ ಅಂದ್ರು. ಓದೋದ್ರಲ್ಲಿ ಹಿಂದೆ ಇದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದೋದ್ರಲ್ಲಿ ಮುಂದಿದ್ದು ಆಟ ಗೊತ್ತಿಲ್ದೇ ಇದ್ದವರಿಗಿಂತ ಚೆನ್ನಾಗಿ ಮಾಡಿದ್ರು. ನಮ್ಮಲ್ಲಿ ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿ ರಾಶಿ ನೋಡಿ, ಚೌಕಾಸಿ ಕೇಳಿ, ಸೇರು ಅಳೆಯೋದು ನೋಡಿದ ಮಗೂಗೆ ಜಾತ್ರೆ ಪಾಠ ಕೊಟ್ಟು ನೋಡಿ, ಪುಸ್ತಕ ಹೇಳದೇ ಬಿಟ್ಟಿದ್ದನ್ನೂ ಅದು ತುಂಬ್ಕೊಳ್ಳುತ್ತೆ.

ಹಾಗಂತ ಊರು ಸುತ್ತಿಸಿದ್ರೆ ಸಾಕಾ, ಸಾಲಲ್ಲ, ಯೋಚಿಸೋದನ್ನೂ ಹೇಳಿಕೊಡಬೇಕು. ಡೊಲೊರೆಸ್ ಡರ್ಕಿನ್ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ ಓದಿನ ಪಾಠಗಳನ್ನ 4,469 ನಿಮಿಷ ಕೂತು ನೋಡಿದ್ರು. ಅದ್ರಲ್ಲಿ ಅರ್ಥ ಮಾಡ್ಕೊಳ್ಳೋದು ಹೇಗೆ ಅಂತ ಕಲಿಸಿದ್ದು 20 ನಿಮಿಷ! ಪ್ರಶ್ನೆ ಕೇಳಿ ಪರೀಕ್ಷೆ ಮಾಡೋದು ಧಾರಾಳವಾಗಿತ್ತು, ಕಲಿಸೋದು ಇರ್ಲಿಲ್ಲ.

1984ರಲ್ಲಿ ಪಾಲಿಂಕ್ಸರ್ ಮತ್ತೆ ಬ್ರೌನ್ ಅನ್ನೋ ಸಂಶೋಧಕರು ತೋರಿಸಿದ ದಾರಿ ನಂಗೆ ತುಂಬಾ ಹಿಡಿಸಿತು. ಮುಂದೇನಾಗಬಹುದು ಅಂತ ಊಹಿಸೋದು, ಪ್ರಶ್ನೆ ಕೇಳೋದು, ತಿಳೀದೇ ಇರೋದನ್ನ ಬಿಡಿಸ್ಕೊಳ್ಳೋದು, ಚಿಕ್ಕದಾಗಿ ತಿರುಗಿ ಹೇಳೋದು. ಮೊದಲು ದೊಡ್ಡವರು ಮಾಡಿ ತೋರಿಸ್ತಾರೆ, ಆಮೇಲೆ ಮಗೂನೇ ಟೀಚರ್ ಆಗುತ್ತೆ. ನಾನು ಮಾಡೋದು ಇಷ್ಟೇ, ಓದ್ತಾ ಓದ್ತಾ ತಲೇಲಿ ಬಂದಿದ್ದನ್ನ ಬಾಯ್ಬಿಟ್ಟು ಹೇಳೋದು. "ಬತ್ತಿತು ಅಂತೆ, ಮಳೆ ಬರ್ಲಿಲ್ಲ ಅಂತ ಹಿಂದೇನೇ ಇದೆ, ಹಾಗಾದ್ರೆ ನೀರು ಒಣಗಿದೆ ಅನ್ಸುತ್ತೆ, ನೀರಿಲ್ಲ ಅಂದ್ರೆ ಮೀನು?" ಅಂತ ನಿಲ್ಲಿಸ್ತೀನಿ. ಅವಸರ ಮಾಡಲ್ಲ, ಮಗು ಯೋಚಿಸ್ತಾ ಇರುವಾಗ ನಾವು ಉತ್ತರ ಹೇಳಿಬಿಟ್ರೆ ಅಲ್ಲಿಗೇ ಮುಗೀತು. ಪದದ ಅರ್ಥ ತೆಲುಗಲ್ಲಿ ಹೇಳಿದ್ರೂ ಪರವಾಗಿಲ್ಲ, ಅವಳೇ ಒಂದಿನ "ಎಂಡಿಪೋಯಿಂದಿ" ಅಂತ ಹೇಳಿ ನಕ್ಕಳು, ಆ ಕ್ಷಣದಲ್ಲಿ ಕೆರೆ ಅವಳ ತಲೇಲಿ ನಿಜವಾಗ್ಲೂ ಒಣಗಿತ್ತು.

ಆಮೇಲೆ ಒಂದು ಭಾನುವಾರ ಸ್ಯಾಂಕಿ ಕೆರೆ ಹತ್ರ ಕರ್ಕೊಂಡು ಹೋಗಿದ್ದೆ. ಕಲ್ಲು ಕಟ್ಟಿದ ದಂಡೆ, ತುಂಬಾ ನೀರು, ನೀರುಕಾಗೆಗಳು ಮುಳುಗಿ ಮುಳುಗಿ ಏಳ್ತಿದ್ವು. ಅವಳು ಸುಮಾರು ಹೊತ್ತು ನೋಡಿ, "ಆಂಟಿ, ನೀರಿದೆ, ಮೀನೂ ಇದೆ, ಕೊಕ್ಕರೆ ಯಾಕಿಲ್ಲ?" ಅಂದ್ಲು. ನಾನು ಸುಮ್ನಿದ್ದೆ. ಇನ್ನೂ ಸ್ವಲ್ಪ ಹೊತ್ತಾದ್ಮೇಲೆ ದಂಡೆ ಕಡೆ ಬೆರಳು ತೋರ್ಸಿ, "ಇಲ್ಲಿ ಆಳ ಅಲ್ವಾ, ಅದಕ್ಕೆ ಕಾಲೂರಿ ನಿಲ್ಲೋಕೆ ಜಾಗ ಎಲ್ಲಿದೆ" ಅಂದ್ಲು.